ನಾನ್ನಜದ ಹುಲ್ಲಿನಲ್ಲಿ ಕಂಡ ಎರೆಬೂತ

ಅನಂತಪುರದ ತೋಟದ ವಸ್ತಿಯಲ್ಲಿ ಚಳಿಗಾಲದ ರಾತ್ರಿ ಎಂದರೆ ಕರೆಂಟಿಗೆ ಕಾಯುವ ರಾತ್ರಿ. ತ್ರೀ ಫೇಸ್ ಬಂದ ಕೂಡಲೇ ಎದ್ದು ಮೋಟಾರು ಚಾಲೂ ಮಾಡಬೇಕು. ಅಲ್ಲಿಯವರೆಗೆ ಕಣ್ಣು ಮುಚ್ಚುವಂತಿಲ್ಲ. ದ್ರಾಕ್ಷಿ ಚಾಟ್ನಿ ಮಾಡಿದಾಗ ಬಿದ್ದ ಕಡ್ಡಿಯನ್ನೆಲ್ಲ ಒಣಗಿಸಿ ಗುಡ್ಡೆ ಹಾಕಿರುತ್ತೇವೆ. ಅದಕ್ಕೆ ಒಂದಿಷ್ಟು ತೊಗರಿಕಟ್ಟಿಗೆ ಸೇರಿಸಿ ಬೆಂಕಿ ಹಚ್ಚಿದರೆ ಸುತ್ತಲಿನ ವಸ್ತಿಗಳ ಹುಡುಗರೂ ಬಂದು ಕೂಡುತ್ತಾರೆ. ದೂರದಲ್ಲಿ ನರಿ ಕೂಗಿದರೆ ಸಾಕು, ಅವರಲ್ಲೊಬ್ಬ ಕೇಳುತ್ತಾನೆ: "ಕಾಕಾ, ನಾನ್ನಜದ್ದು ಹೇಳ್ರಿ." ಕೇಳಿದವರೇ ಮತ್ತೆ ಕೇಳುತ್ತಾರೆ. ನನಗೂ ಹೇಳಿ ಬೇಸರವಾಗಿಲ್ಲ. ನಾನು ಆ ಮುಂಜಾನೆ ಕಂಡದ್ದನ್ನು ಈ ಹುಡುಗರು ಅದೇ ಜಾಗಕ್ಕೆ ಹೋಗಿ ಕಾಣುವುದು ಈಗ ಬಹಳ ಕಷ್ಟ. ಹಾಗಾಗಿ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ ಎಂದೇ ತಿಳಿದಿದ್ದೇನೆ.

ಅಥಣಿ ಸೀಮೆಯನ್ನು ಬಲ್ಲವರಿಗೆ ನಮ್ಮ ನೆಲ ಗೊತ್ತು. ಕೃಷ್ಣೆ ಕೆಳಗೆ ದಕ್ಷಿಣದಲ್ಲಿ ಹರಿಯುತ್ತಾಳೆ. ಅಲ್ಲಿ ಕಬ್ಬು, ಅಲ್ಲಿ ಹಸಿರು. ಮಹಾರಾಷ್ಟ್ರದ ಜತ್ ಕಡೆಗೆ ಏರುತ್ತ ಬಂದಂತೆ ಮಣ್ಣು ತೆಳ್ಳಗಾಗಿ ಗರಸು ಮೇಲೆ ಬರುತ್ತದೆ. ಜಾಲಿ, ಬಾರಿ, ತಂಗಡಿ, ನಡುವೆ ಹುಲ್ಲು. ಇದಕ್ಕೆ ನಾವು ಮಡ್ಡಿ ಎನ್ನುತ್ತೇವೆ. ಕಂದಾಯದ ಕಾಗದದಲ್ಲಿ ಇದರ ಬಹುಭಾಗ ಬೀಳು, ಇಲ್ಲವೇ ಗಾಯರಾಣ. ನನ್ನ ಅಜ್ಜ ಈ ಮಡ್ಡಿಯ ಮೇಲೆಯೇ ಕುರಿ ಕಾಯ್ದು ಮುದುಕನಾದವ. ತನ್ನ ಹರೆಯದಲ್ಲಿ ಇಲ್ಲಿ ಚಿಗರಿ ಹಿಂಡು ಮೇಯುತ್ತಿದ್ದವು ಎಂದು ಹೇಳುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಹಕ್ಕಿಯ ಮಾತು ಹೇಳುತ್ತಿದ್ದ. ಎದೆಮಟ ಎತ್ತರ, ಬಿಳಿ ಕುತ್ತಿಗೆ, ತಲೆಯ ಮೇಲೆ ಕರಿ ಜುಟ್ಟು. ಜೋಳದ ಹೊಲದ ಅಂಚಿನಲ್ಲಿ ನಿಂತರೆ ಯಾರೋ ಮನುಷ್ಯ ನಿಂತಿದ್ದಾನೆ ಅನಿಸುತ್ತಿತ್ತಂತೆ. ಎರೆಬೂತ. ಹೆಸರಿನಲ್ಲಿ ಬೂತ ಇದ್ದದ್ದರಿಂದ ಚಿಕ್ಕವನಿದ್ದಾಗ ಅದು ಹಕ್ಕಿ ಎಂದು ನಾನು ನಂಬಿರಲೇ ಇಲ್ಲ. ಅಜ್ಜ ತೀರಿಕೊಂಡಾಗ ಅದರ ಮಾತೂ ಮನೆಯಲ್ಲಿ ನಿಂತುಹೋಯಿತು.

ಅದನ್ನು ಮತ್ತೆ ಎತ್ತಿದವ ನನ್ನ ಸೋದರಮಾವ. ಮಾಮಾ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಸೊಲ್ಲಾಪುರ ನಮಗೆ ಪರವೂರು ಅನಿಸುತ್ತಿರಲಿಲ್ಲ. ಸಿದ್ಧರಾಮನ ಊರು, ಓಣಿ ಓಣಿಯಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುತ್ತಿದ್ದವು. 1988ರಲ್ಲಿ, ಅದರ ಹಿಂದಿನ ವರ್ಷಗಳ ಬರ ಮುಗಿದು ಮಳೆ ಚೆನ್ನಾಗಿ ಹಿಡಿದಾಗ, ಮಾಮಾ ನಮ್ಮೂರಿಗೆ ಬಂದಿದ್ದ. ಊಟಕ್ಕೆ ಕೂತಾಗ ಅಂದ: "ಅಳ್ಯಾ, ನಿಮ್ಮ ಅಜ್ಜ ಹೇಳತಿದ್ದನಲ್ಲ ಎರೆಬೂತ, ಅದು ನಮ್ಮ ಕಡೆ ನಾನ್ನಜದಾಗ ಇನ್ನೂ ಅದಾವು. ಮರಾಠಿಯವರು ಮಾಳಢೋಕ ಅಂತಾರ. ಸರಕಾರ ಕಾವಲಾ ಇಟ್ಟೈತಿ. ಕಾವಲಗಾರ ನನ್ನ ಗೆಳೆಯ. ಬರ್ತಿ ಏನು?"

ಗಣಪತಿ ಕಳಿಸಿದ ಮೇಲೆ ಹೊರಟೆ. ಜತ್‌ಗೆ ಹೋಗಿ ಕೆಂಪು ಎಸ್‌ಟಿ ಬಸ್ಸು ಹಿಡಿದು, ಮಂಗಳವೇಢೆ ಹಾದು ಸೊಲ್ಲಾಪುರ. ನಾನ್ನಜ ಅಲ್ಲಿಂದ ಬಾರ್ಶಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ದಾರಿಯುದ್ದಕ್ಕೂ ನಮ್ಮ ಮಡ್ಡಿಯಂಥದೇ ನೆಲ. ಮಳೆ ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರು, ಅದೂ ಬಂದರೆ ಬಂತು. ಬಸ್ಸಿನಿಂದ ಇಳಿದು ಸುತ್ತ ನೋಡಿದೆ. ಅಭಯಾರಣ್ಯ ಎಂದರೆ ದಾಂಡೇಲಿಯ ಹಾಗೆ ಬಿಸಿಲು ಕಾಣದ ಮರಗಾಡು ಎಂದುಕೊಂಡಿದ್ದವನಿಗೆ ಕಂಡದ್ದು ಬರೀ ಹುಲ್ಲು. ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಬಾರಿಗಿಡ, ಮೇಲೆ ಆಕಾಶ. "ಕಾಡು ಎಲ್ಲೈತಿ ಮಾಮಾ?" ಎಂದೆ. ಮಾಮಾ ಉತ್ತರ ಹೇಳಲಿಲ್ಲ. ಕಾವಲುಗಾರನೇ ಹೇಳಿದ: "ನೀ ನಿಂತದ್ದ ಕಾಡಿನಾಗ ತಮ್ಮಾ. ನೆಳ್ಳ ಇಲ್ಲ ಅಂತ ಕಾಡ ಅಲ್ಲ ಅನಬ್ಯಾಡ."

ಆ ಕಾಕಾ ಅಕ್ಕಲಕೋಟೆ ಕಡೆಯ ಕುರುಬರವ. ಮನೆಯೊಳಗೆ ಕನ್ನಡ, ಹೊರಗೆ ಮರಾಠಿ. ದಿನಗೂಲಿಯ ಮೇಲೆ ಇಲಾಖೆಯ ಕಾವಲಿಗಿದ್ದ. ಶಾಲೆ ಕಂಡವನಲ್ಲ. ಆದರೆ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1980ರ ದಶಕದಲ್ಲಿ ಡಾ. ಅಸದ್ ರಹ್ಮಾನಿಯವರ ಮುಂದಾಳತ್ವದಲ್ಲಿ ಈ ಹಕ್ಕಿಯ ಅಧ್ಯಯನಕ್ಕೆ ನಾನ್ನಜವನ್ನು ಆರಿಸಿಕೊಂಡಿದ್ದರು. ಅವರ ಜೊತೆ ತಿರುಗಿ ಕಾಕಾನಿಗೆ ದುರ್ಬೀನು ಹಿಡಿಯುವುದು, ದೂರದ ಹಕ್ಕಿ ಗಂಡೋ ಹೆಣ್ಣೋ ಹೇಳುವುದು ಕರಗತವಾಗಿತ್ತು. ಆ ರಾತ್ರಿ ಅವನ ಗುಡಿಸಲಿನಲ್ಲಿ ಬಿಸಿ ಭಕ್ಕರಿ, ಝುಣಕ ತಿನ್ನುತ್ತ ನಾನು ಕೇಳಿ ತಿಳಿದದ್ದಿಷ್ಟು. 1970ರ ದಶಕದ ನಡುವಿನಲ್ಲಿ ಬರಪೀಡಿತ ಪ್ರದೇಶಗಳ ಯೋಜನೆಯಡಿ ಇಲ್ಲಿಯ ಸವಕಲು ಗಾಯರಾಣಗಳಿಗೆ ಬೇಲಿ ಹಾಕಿ ಮೇವು ಬೆಳೆಯಲು ಬಿಟ್ಟರು. ಹುಲ್ಲು ಚೇತರಿಸಿಕೊಂಡಿತು. ಹುಲ್ಲಿನ ಹಿಂದೆ ಮಿಡತೆ, ಮಿಡತೆಯ ಹಿಂದೆ ಎರೆಬೂತ. ಯಾರೂ ತಂದು ಬಿಟ್ಟದ್ದಲ್ಲ, ತಾವಾಗಿ ಬಂದವು. ಸೊಲ್ಲಾಪುರದ ಹಕ್ಕಿಪ್ರಿಯರು ಅದನ್ನು ಗುರುತಿಸಿ ದನಿ ಎತ್ತಿದರು. 1979ರಲ್ಲಿ ಸೊಲ್ಲಾಪುರ, ಅಹ್ಮದನಗರ ಜಿಲ್ಲೆಗಳ 8,496 ಚದರ ಕಿಲೋಮೀಟರ್ ನೆಲ ಎರೆಬೂತದ ಅಭಯಾರಣ್ಯವೆಂದು ಘೋಷಣೆಯಾಯಿತು. ಅದರೊಳಗೆ ಊರುಗಳಿದ್ದವು, ಹೊಲಗಳಿದ್ದವು, ರಸ್ತೆಗಳಿದ್ದವು. ಇಲಾಖೆಯ ಕೈಯಲ್ಲಿ ಇದ್ದದ್ದು ಅಲ್ಲಲ್ಲಿ ಚದುರಿದ ಹುಲ್ಲಿನ ತುಂಡುಗಳು ಮಾತ್ರ.

ನಸುಕಿನಲ್ಲಿ ಚುಕ್ಕಿ ಇರುವಾಗಲೇ ಕಾಕಾ ಎಬ್ಬಿಸಿದ. ಬಿಳಿ ಅಂಗಿ ಬಿಚ್ಚಿಸಿ ತನ್ನ ಕರಿಕಂಬಳಿ ಹೊದಿಸಿದ. "ಕೆಮ್ಮು ಬಂದರ ಕಂಬಳಿ ಬಾಯಾಗ ಹಿಡಿ. ಏನ ಕಂಡರೂ ಏಳಬ್ಯಾಡ." ಅಷ್ಟೇ ಕಟ್ಟಳೆ. ಹುಲ್ಲಿನ ಇಬ್ಬನಿಗೆ ಧೋತರ ಮೊಣಕಾಲವರೆಗೆ ತೊಯ್ದು ಕಾಲಿಗೆ ಅಂಟಿಕೊಂಡಿತು. ಹುಲ್ಲಿನ ಮುಳ್ಳು ನೇಯ್ಗೆಯೊಳಗೆ ಹೊಕ್ಕು ಚುಚ್ಚುತ್ತಿತ್ತು. ಒಂದು ಸಣ್ಣ ದಿಬ್ಬದ ಮೇಲೆ ಕಲ್ಲು ಒಟ್ಟಿ, ಹುಲ್ಲು ಹೊದಿಸಿದ ಮರೆ. ಒಳಗೆ ಮೂವರು ಒತ್ತಿ ಕೂಡಬಹುದು. ಎದುರಿಗೆ ಒಂದು ಗೇಣಗಲದ ಕಿಂಡಿ.

ಮೊದಲು ಬಂದದ್ದು ಸದ್ದು. ಕವಜಗ ಒಂದು ಮೂಲೆಯಿಂದ ಕೂಗಿತು, ಇನ್ನೊಂದು ಮೂಲೆಯಿಂದ ಅದಕ್ಕೆ ಜವಾಬು. ಟಿಟ್ಟಿಭ ಯಾವುದೋ ನೆರಳಿಗೆ ಹೆದರಿ ಅರಚಿತು. ನೆಲಗುಬ್ಬಿಯೊಂದು ಮೇಲೆ ಹಾರಿ, ರೆಕ್ಕೆ ಮಡಚಿ, ಸಿಳ್ಳು ಹಾಕುತ್ತ ಬಿದ್ದು, ನೆಲ ಮುಟ್ಟುವ ಮೊದಲು ಮತ್ತೆ ಎದ್ದು, ಹೀಗೇ ಆಡುತ್ತಿತ್ತು. ಇವೆಲ್ಲ ನಮ್ಮ ಮಡ್ಡಿಯಲ್ಲೂ ಕೇಳಿದ್ದ ಸದ್ದುಗಳೇ. ಆಮೇಲೆ ಒಂದು ಸದ್ದು ಬಂತು, ಅದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಖಾಲಿ ಹಗೇವಿನೊಳಗೆ ಬಗ್ಗಿ ಯಾರೋ ಹೂಂಕರಿಸಿದ ಹಾಗೆ: ಹೂಂ... ಸ್ವಲ್ಪ ತಡೆದು ಮತ್ತೆ, ಹೂಂ... ಕಿವಿಗಿಂತ ಎದೆಗೆ ಮೊದಲು ತಾಕುವ ಸದ್ದು. ಕಾಕಾ ಬೆರಳು ಚಾಚಿದ.

ಬೆಳಕು ಹರಿಯುತ್ತಿದ್ದಂತೆ ಅದು ಕಂಡಿತು. ಮುನ್ನೂರು ಮಾರು ದೂರದ ಏರಿನ ಮೇಲೆ ಬಿಳಿಯದೊಂದು ಆಕಾರ. ಗಂಡು ಎರೆಬೂತ ಹೆಣ್ಣನ್ನು ಕರೆಯುತ್ತಿತ್ತು. ಗಂಟಲ ಚೀಲಕ್ಕೆ ಗಾಳಿ ತುಂಬಿಕೊಂಡು ಎದೆಯ ಮುಂದೆ ಮೊಣಕಾಲವರೆಗೆ ಇಳಿಬಿಟ್ಟಿತ್ತು. ಬಾಲ ಬೆನ್ನಿನ ಮೇಲೆ ನೆಟ್ಟಗೆ ನಿಂತಿತ್ತು, ರೆಕ್ಕೆಗಳು ಜೋತುಬಿದ್ದಿದ್ದವು. ಆ ಚೀಲವನ್ನು ತೂಗಾಡಿಸುತ್ತ ನಿಧಾನಕ್ಕೆ ಹೆಜ್ಜೆ ಹಾಕುವುದು, ನಿಲ್ಲುವುದು, ಹೂಂಕರಿಸುವುದು. ಅರ್ಧ ಕಿಲೋಮೀಟರ್ ದೂರಕ್ಕೂ ಆ ಕರೆ ಕೇಳುತ್ತದೆ. ಬೆಳೆದ ಗಂಡು ಹದಿನೈದು ಕಿಲೋವರೆಗೆ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಜಗತ್ತಿನಲ್ಲೇ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಹಿಂಬೆರಳು ಇಲ್ಲದ ಕಾರಣ ಟೊಂಗೆ ಹಿಡಿದು ಕೂಡಲಾರದು. ಹುಟ್ಟಿನಿಂದ ಸಾವಿನವರೆಗೆ ಅದಕ್ಕೆ ನೆಲವೇ ಮನೆ. ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ಗಂಡು ಕುಣಿಯುವುದು ಕಾಣಬೇಕಾದರೆ ನಡುವೆ ಗಿಡಮರ ಅಡ್ಡ ಬರಬಾರದು, ವೈರಿ ಬರುವುದು ಕಾಣಬೇಕಾದರೂ ಅಷ್ಟೇ. ಕಾಕಾ ಹಿಂದಿನ ದಿನ ಅಂದದ್ದು ನನಗೆ ತಿಳಿದದ್ದು ಆ ಏರನ್ನು ನೋಡುತ್ತ ಕೂತಾಗ.

ಅಜ್ಜ ಹೇಳಿದ್ದು ನಿಜವಿತ್ತು. ಅದು ಕುಣಿತ ನಿಲ್ಲಿಸಿ, ಚೀಲ ಒಳಗೆಳೆದು, ಕುತ್ತಿಗೆ ಎತ್ತಿ ನಿಂತಾಗ ಮನುಷ್ಯನೇ ನಿಂತಂತಿತ್ತು. ಕರಿ ನೆತ್ತಿ, ಬಿಳಿ ಕುತ್ತಿಗೆ, ಎದೆಗೆ ಅಡ್ಡಲಾಗಿ ಕರಿ ಪಟ್ಟಿ, ಕಂದು ರೆಕ್ಕೆ. ನನ್ನ ಕಣ್ಣು ತುಂಬಿ ಬಂದವು. ಮಾಮಾ ನನ್ನ ಭುಜದ ಮೇಲೆ ಕೈ ಇಟ್ಟ, ಏನೂ ಅನ್ನಲಿಲ್ಲ.

ಹೊತ್ತು ಏರಿದಂತೆ ಚಿಗರಿಗಳು ಎದ್ದವು. ರಾತ್ರಿ ಮಲಗಿದ ಜಾಗದಿಂದ ಒಂದೊಂದಾಗಿ ಎದ್ದು, ಮೈ ಝಾಡಿಸಿ, ಮೇಯತೊಡಗಿದವು. ಹೋರಿ ಚಿಗರಿಯೊಂದು ಸುರುಳಿ ಕೊಂಬನ್ನು ಬೆನ್ನಿಗೆ ಒರಗಿಸಿ ಹೆಣ್ಣುಗಳ ನಡುವೆ ಗತ್ತಿನಿಂದ ನಡೆದಾಡುತ್ತಿತ್ತು. ಅಷ್ಟರಲ್ಲಿ ಎಲ್ಲ ತಲೆಗಳೂ ಒಮ್ಮೆಲೇ ಒಂದೇ ದಿಕ್ಕಿಗೆ ತಿರುಗಿದವು. ಕಾಕಾ ಕಿವಿಯಲ್ಲಿ ಉಸುರಿದ: "ತ್ವಾಳ."

ಹುಲ್ಲಿನ ಬಣ್ಣದ ಎರಡು ಪ್ರಾಣಿಗಳು ಸಣ್ಣ ಓಟದಲ್ಲಿ ಬಂದವು. ನಾನು ತೋಳವನ್ನು ಕುರಿಹಟ್ಟಿಯ ಗದ್ದಲದಲ್ಲಿ, ಕಂದೀಲಿನ ಬೆಳಕಿನಲ್ಲಿ, ಬಡಿಗೆಗಳ ನಡುವೆ ಮಾತ್ರ ಕಂಡವ. ಅಲ್ಲಿ ಅದು ಕಳ್ಳ. ಇಲ್ಲಿ ತನ್ನ ಹೊಲಕ್ಕೆ ಹೊರಟ ರೈತನಷ್ಟು ನಿರಾಳ. ಒಂದು ಹುಲ್ಲಿನಲ್ಲಿ ಮಲಗಿ ಮಾಯವಾಯಿತು. ಇನ್ನೊಂದು ಬಳಸಿ ಹೋಗಿ ಹಿಂಡನ್ನು ಮೆಲ್ಲಗೆ ಇತ್ತ ತಿರುಗಿಸಿತು. ಚಿಗರಿಗಳು ಚೆಂಡಿನಂತೆ ಪುಟಿದವು. ಮಲಗಿದ್ದದ್ದು ಎದ್ದು ಒಂದು ಮರಿಯ ಹಿಂದೆ ಬಿತ್ತು. ಮರಿ ಎರಡು ಸಲ ಹಠಾತ್ತಾಗಿ ತಿರುಗಿತು. ಎರಡನೆಯ ತಿರುವಿನಲ್ಲಿ ತೋಳ ಎಡವಿ ಹಿಂದೆ ಬಿತ್ತು. ಅಷ್ಟೇ. ಎರಡೂ ತೋಳ ನಾಲಗೆ ಚಾಚಿ ನಿಂತು, ಒಂದನ್ನೊಂದು ನೋಡಿ, ಬಂದ ದಾರಿ ಹಿಡಿದವು.

ನಾನು ಕುರಿಯವರ ಮನೆಯ ಮಗ, ಮರಿ ಉಳಿದದ್ದಕ್ಕೆ ಉಸಿರು ಬಿಟ್ಟೆ. ಕಾಕಾ ನನ್ನ ಮುಖ ನೋಡಿ ಹೇಳಿದ: "ನನ್ನ ಹಟ್ಟ್ಯಾಗಿಂದೂ ಒಯ್ದಾವ ತಮ್ಮಾ. ಸಿಟ್ಟು ಬರತೈತಿ, ಅಳು ಬರತೈತಿ. ಆದರ ಅದಕ್ಕೂ ಮರಿ ಅದಾವು. ಚಿಗರಿ ಇದ್ದಲ್ಲಿ ಅದು ಹಟ್ಟಿ ಕಡೆ ಕಡಿಮಿ ಬರತೈತಿ. ನಾವ ಚಿಗರಿ ತಿಂದ ಮುಗಿಸಿದ ಮ್ಯಾಲ ಅದು ಎಲ್ಲಿಗಿ ಹೋಗಬೇಕು?" ಸ್ವಂತ ಕುರಿ ಕಳಕೊಂಡವ ಹೇಳಿದ ಮಾತು ಅದು. ತೋಳದ ಬಗ್ಗೆ ಆಮೇಲೆ ನಾನು ಓದಿದ್ದು ಬಹಳ, ಆದರೆ ಅದಕ್ಕಿಂತ ಸರಿಯಾದ ಮಾತು ಎಲ್ಲೂ ಸಿಗಲಿಲ್ಲ.

ಈಗ ಹುಡುಗರು ಕಾಯುವ ಭಾಗ. ಗಂಡು ಎರೆಬೂತ ದಿಬ್ಬದಾಚೆ ಇಳಿದುಹೋಗಿತ್ತು. ನಾವೂ ಏಳಬಹುದು ಎಂದುಕೊಳ್ಳುವಾಗ ಕಾಕಾ ಕಿಂಡಿಯ ಎಡ ಅಂಚಿಗೆ ಕಣ್ಣು ಹಚ್ಚಿ ಅಲ್ಲಾಡದೆ ಕೂತ. ಅಲ್ಲಿ, ನಮಗೆ ನೂರು ಹೆಜ್ಜೆಯಷ್ಟೇ ದೂರದಲ್ಲಿ, ಹುಲ್ಲು ಗಿಡ್ಡಗಿದ್ದ ಕಡೆ ಒಂದು ಮಣ್ಣಿನ ಹೆಂಟೆಯಂಥದು ಇತ್ತು. ಅದಕ್ಕೆ ಕಣ್ಣಿತ್ತು. ಹೆಣ್ಣು ಕಾವು ಕೂತಿತ್ತು. ನಾವು ಬೆಳಗಿನಿಂದ ಅದರ ಮುಂದೆಯೇ ಕೂತಿದ್ದೆವು, ಅದು ಒಮ್ಮೆಯೂ ಅಲ್ಲಾಡಿರಲಿಲ್ಲ. ಹೆಣ್ಣು ಗಂಡಿನ ಅರ್ಧದಷ್ಟೂ ತೂಗುವುದಿಲ್ಲ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದನ್ನೂ ಬರಿನೆಲದ ಮೇಲೆ ಇಡುತ್ತದೆ. ಇಪ್ಪತ್ತೇಳು ದಿನದ ಹತ್ತಿರ ಒಬ್ಬಳೇ ಕಾವು ಕೂಡುತ್ತಾಳೆ, ಮರಿಯನ್ನೂ ಒಬ್ಬಳೇ ಬೆಳೆಸುತ್ತಾಳೆ. ಕಾಗೆ, ಉಡ, ನರಿ, ನಾಯಿ ಎಲ್ಲಕ್ಕೂ ಆ ಮೊಟ್ಟೆ ಬೇಕು. ಏನೂ ಬೇಡದ ದನದ ಗೊರಸೂ ಅದನ್ನು ಒಡೆಯುತ್ತದೆ.

ಆ ದಿನ ಬಂದದ್ದು ದನವೇ. ಬೇಲಿಯ ಯಾವುದೋ ಸಂದಿಯಲ್ಲಿ ನುಗ್ಗಿದ ಒಂದು ಕೆಂದಾಕಳು ಮೇಯುತ್ತ ಮೇಯುತ್ತ ನೇರ ಅದರ ಕಡೆಗೇ ಬರುತ್ತಿತ್ತು. ತಲೆ ಎತ್ತುತ್ತಿರಲಿಲ್ಲ. ಐವತ್ತು ಹೆಜ್ಜೆ, ಮೂವತ್ತು ಹೆಜ್ಜೆ. ನನಗೆ ತಡೆಯಲಾಗಲಿಲ್ಲ; ಎದ್ದು "ಹೈ" ಅಂದರೆ ಸಾಕಿತ್ತು, ಆಕಳು ಓಡುತ್ತಿತ್ತು. ಕಾಕಾ ನನ್ನ ರಟ್ಟೆ ಹಿಡಿದು ಒತ್ತಿದ. "ನೀ ಎದ್ದರ ಆಕಿ ಹಾರತಾಳ. ಹಾರಿದರ ಮ್ಯಾಲ ಕಾಗಿ ಅದಾವು ನೋಡು." ಬಾರಿಗಿಡದ ಮೇಲೆ ನಿಜವಾಗಿಯೂ ಎರಡು ಕಾಗೆ ಕೂತಿದ್ದವು. ಬೆಳಗಿನಿಂದ ಅವೂ ಅದನ್ನೇ ಕಾಯುತ್ತಿದ್ದವು.

ಆಕಳು ಹತ್ತು ಹೆಜ್ಜೆಗೆ ಬಂದಾಗ ಹೆಣ್ಣು ಎದ್ದಳು. ಓಡಲಿಲ್ಲ. ಎರಡೂ ರೆಕ್ಕೆ ಅಗಲಿಸಿ, ಬಾಲ ಬೀಸಣಿಗೆಯಾಗಿ ಬಿಚ್ಚಿ, ಕುತ್ತಿಗೆ ತಗ್ಗಿಸಿ ಆಕಳಿಗೆ ಎದುರಾಗಿ ನಿಂತಳು. ಇದ್ದದ್ದಕ್ಕಿಂತ ಮೂರು ಪಟ್ಟು ದೊಡ್ಡದಾಗಿ ಕಂಡಳು. ಆಕಳು ನಿಂತಿತು, ಮೂಸಿತು, ಮತ್ತೊಂದು ಹೆಜ್ಜೆ ಇಟ್ಟಿತು. ಹೆಣ್ಣು ಮೇಲೆ ಜಿಗಿದು ಅದರ ಮೋತಿಯ ಮುಂದೆಯೇ ರೆಕ್ಕೆ ಬಡಿದಳು. ಆ ಬಡಿತದ ಸದ್ದು ನಮ್ಮ ಮರೆಯವರೆಗೆ ಕೇಳಿಸಿತು. ಆಕಳು ಬೆದರಿ ಎರಡು ಹೆಜ್ಜೆ ಹಿಂದೆ ಸರಿಯಿತು. ಕಾಗೆ ಎರಡೂ ಗಿಡ ಬಿಟ್ಟು ಎದ್ದವು. ಒಂದು ನೆಲಕ್ಕೇ ಇಳಿಯಿತು, ಮೊಟ್ಟೆಯ ಕಡೆ ಕುಪ್ಪಳಿಸಿತು. ಹೆಣ್ಣು ಆಕಳನ್ನು ಬಿಟ್ಟು ತಿರುಗಿ ಕಾಗೆಯ ಮೇಲೆ ಹೋದಳು, ಅದು ಹಾರಿದ ಕೂಡಲೇ ಮತ್ತೆ ಆಕಳಿಗೆ ಎದುರಾದಳು. ಹೀಗೆ ಎಷ್ಟು ಹೊತ್ತು ನಡೆಯಿತೋ ನನಗೆ ಗೊತ್ತಿಲ್ಲ. ನನ್ನ ರಟ್ಟೆಯ ಮೇಲೆ ಕಾಕಾನ ಬೆರಳು ಮೂಡಿದ್ದವು. ಅವನ ತುಟಿ ಅಲ್ಲಾಡುತ್ತಿದ್ದವು. ಮೈಲಾರಲಿಂಗನ ಹೆಸರು ಹೇಳುತ್ತಿದ್ದ.

ಕೊನೆಗೆ ಆಕಳು ತಲೆ ಕೊಡವಿ ಪಕ್ಕಕ್ಕೆ ತಿರುಗಿತು. ಬೇರೆ ಹುಲ್ಲು ಕಂಡಿತೋ, ಸಾಕೆನಿಸಿತೋ, ಮೇಯುತ್ತ ಇಳಿಜಾರಿಗೆ ಇಳಿದು ಹೋಯಿತು. ಹೆಣ್ಣು ಅದು ಪೂರ್ತಿ ಮರೆಯಾಗುವವರೆಗೆ ರೆಕ್ಕೆ ಮಡಚಲಿಲ್ಲ. ಆಮೇಲೆ ಸುತ್ತ ನೋಡಿ, ಕೊಕ್ಕಿನಿಂದ ಮೊಟ್ಟೆಯನ್ನು ಮೆಲ್ಲಗೆ ಹೊರಳಿಸಿ, ಅದರ ಮೇಲೆ ಇಳಿದಳು. ಮತ್ತೆ ಹೆಂಟೆ.

ನಾವು ಬಿಸಿಲು ಏರಿ, ಆಕೆ ತಾನಾಗಿಯೇ ಮೇಯಲು ಎದ್ದು ಅತ್ತ ಹೋಗುವವರೆಗೆ ಮರೆಯಲ್ಲೇ ಕೂತೆವು. ಹೊರಬಂದ ಮೇಲೆ ಕಾಕಾ ಮೊದಲು ಮಾಡಿದ ಕೆಲಸ ಆಕಳನ್ನು ಹುಡುಕಿ ಹೊರಗೆ ಅಟ್ಟಿದ್ದು. ಎರಡನೆಯದು, ಬೇಲಿಯ ಸಂದಿಗೆ ಜಾಲಿಮುಳ್ಳು ತುರುಕಿದ್ದು. ನಾನೂ ಮಾಮಾನೂ ಮುಳ್ಳು ಹೊತ್ತು ತಂದೆವು. ಆಕಳ ಒಡೆಯನನ್ನು ಅವನು ಬೈಯಲಿಲ್ಲ. "ಅವಂಗೂ ಮೇವಿಲ್ಲ" ಎಂದ. ಆ ಮೊಟ್ಟೆ ಒಡೆದು ಮರಿ ಬಂದದ್ದನ್ನು ಮಾಮಾ ಆಮೇಲೆ ಕಾಗದ ಬರೆದು ತಿಳಿಸಿದ. ಆ ಕಾರ್ಡು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.

ಕಥೆ ಇಲ್ಲಿಗೆ ಮುಗಿದರೆ ಹುಡುಗರಿಗೆ ಸಮಾಧಾನ. ಆದರೆ ಅವರು ಬಿಡುವುದಿಲ್ಲ: "ಈಗ ಹೋದರ ಕಾಣತಾವೇನ್ರಿ?" ಅದಕ್ಕೂ ಉತ್ತರ ಹೇಳಬೇಕಲ್ಲ.

ಭೀಮೆಗೆ ಕಟ್ಟಿದ ಉಜನಿ ಆಣೆಕಟ್ಟು 1980ರಲ್ಲಿ ಮುಗಿದಿತ್ತು. ಅದರ ನೀರು, ಕೊಳವೆಬಾವಿಯ ನೀರು ಹರಡಿದ ಹಾಗೆ ಸೊಲ್ಲಾಪುರದ ಒಣಜೋಳದ ಸೀಮೆಯಲ್ಲಿ ಕಬ್ಬು ಬಂತು, ದ್ರಾಕ್ಷಿ ಬಂತು. ನಮ್ಮ ಕಡೆಯ ತೋಟಗಳಲ್ಲೂ ಬೆಳೆಯುವ ಸೋನಾಕಾ ದ್ರಾಕ್ಷಿ ತಳಿ ಹುಟ್ಟಿದ್ದು ಅದೇ ನಾನ್ನಜದಲ್ಲಿ. ಆ ತಳಿಯಿಂದ ಎಷ್ಟೋ ಸಂಸಾರ ಬದುಕಿವೆ, ನಮ್ಮದೂ ಅವುಗಳಲ್ಲೊಂದು. ರೈತನನ್ನು ದೂರುವ ಮಾತು ನನ್ನ ಬಾಯಲ್ಲಿ ಬರಲಾರದು. ಎರೆಬೂತ ಜೋಳ, ಶೇಂಗಾ, ತೊಗರಿಯ ಹೊಲದಲ್ಲಿ ಮನುಷ್ಯನ ಜೊತೆ ಬದುಕಬಲ್ಲದು. ಅಲ್ಲಿ ಮಿಡತೆ ತಿನ್ನುತ್ತದೆ, ಬಾರಿಹಣ್ಣು ತಿನ್ನುತ್ತದೆ. ಕಬ್ಬಿನ ಗೋಡೆಯ ನಡುವೆ, ದ್ರಾಕ್ಷಿಯ ತಂತಿಯ ಕೆಳಗೆ ಬದುಕಲಾರದು. ಅಷ್ಟು ದೊಡ್ಡ ಅಭಯಾರಣ್ಯದೊಳಗೆ ಸಿಕ್ಕ ರೈತರಿಗೆ ಸ್ವಂತ ಹೊಲ ಮಾರುವುದಕ್ಕೂ ತೊಡಕು. ಹಕ್ಕಿ ಬಂದರೆ ಭೂಮಿ ಹೋಗುತ್ತದೆ ಎಂಬ ಭಯ ಹಬ್ಬಿತು, ಅಲ್ಲಿಂದ ಹಕ್ಕಿಗೂ ಊರಿಗೂ ನಡುವೆ ಮನಸ್ಸು ಕೆಟ್ಟಿತು. ಕೊನೆಗೆ ಅಭಯಾರಣ್ಯವನ್ನು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಹಕ್ಕಿಗಳು ಅಷ್ಟು ಹೊತ್ತಿಗೆ ಬೆರಳೆಣಿಕೆಗೆ ಇಳಿಯುತ್ತ ಬಂದಿದ್ದವು.

ಇನ್ನೊಂದು ಹೇಳಲೇಬೇಕು, ಹೇಳಲು ನೋವಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಈ ಹಕ್ಕಿಯನ್ನು ಓಡಿಸಿದೆ. ಬೋಳು ಬಯಲು ಕಂಡರೆ ಸಸಿ ನೆಡಬೇಕು ಎನ್ನುವುದು ನಮ್ಮ ಕಾಲದ ನಂಬಿಕೆ. ನಾನ್ನಜದ ಹುಲ್ಲಿನ ನಡುವೆಯೂ ಗ್ಲಿರಿಸಿಡಿಯಾ, ಬೇವು ಎದ್ದವು. ನಮ್ಮ ರಾಜ್ಯದಲ್ಲಿ ಚಿಗರಿಗಾಗಿ 1974ರಲ್ಲಿ ಆದ ರಾಣೆಬೆನ್ನೂರು ಅಭಯಾರಣ್ಯದಲ್ಲೂ ಎರೆಬೂತ ಇತ್ತು. ಅಲ್ಲಿ ನೀಲಗಿರಿ ಬೆಳೆದಲ್ಲೆಲ್ಲ ಬಯಲು ಮುಚ್ಚಿತು, ಎರೆಬೂತ ಕಣ್ಮರೆಯಾಯಿತು. ಈಗ ಕರ್ನಾಟಕದಲ್ಲಿ ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳ ಕಡೆ, ಅದೂ ಕೆಲವೇ ಕೆಲವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದರ ಹೆಸರಿದೆ. ಸಲೀಂ ಅಲಿಯವರು ಇದೇ ರಾಷ್ಟ್ರಪಕ್ಷಿಯಾಗಬೇಕೆಂದು ವಾದಿಸಿದ್ದರು. 1963ರಲ್ಲಿ ಆ ಸ್ಥಾನ ನವಿಲಿಗೆ ಹೋಯಿತು.

ಇಡೀ ದೇಶದ ಕಾಡಿನಲ್ಲಿ ಈಗ ಉಳಿದ ಎರೆಬೂತಗಳು ಸುಮಾರು 150 ಎಂದು ಅಂದಾಜು, ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ. ಅಲ್ಲಿಯ ಗಂಡಾಂತರ ವಿದ್ಯುತ್ ತಂತಿ. ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಎದುರಿಗಿನದು ಇದಕ್ಕೆ ಸರಿಯಾಗಿ ಕಾಣದು, ಮೈ ಭಾರ, ಹಠಾತ್ತಾಗಿ ತಿರುಗಲಾರದು. ತಂತಿಗೆ ಬಡಿದು ಸಾಯುತ್ತದೆ. ಆ ಭಾಗದ ತಂತಿಗಳನ್ನು ನೆಲದೊಳಗೆ ಹಾಕಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ಪರಿಣತರ ಸಮಿತಿಗೆ ಒಪ್ಪಿಸಿತು. ಜೈಸಲ್ಮೇರ್ ಬಳಿ 2019ರಲ್ಲಿ ಮೊಟ್ಟೆ ತಂದು ಮರಿ ಮಾಡಿಸುವ ಕೇಂದ್ರ ಶುರುವಾಗಿದೆ, ಮರಿಗಳು ಬೆಳೆಯುತ್ತಿವೆ. ಇದು ನನಗೆ ದೊಡ್ಡ ಆಸೆ. ಆದರೆ ಸಾಕಿದ ಮರಿಯನ್ನು ಬಿಡಲು ಹುಲ್ಲು ಬೇಕು.

ಅದಕ್ಕೇ ನಮ್ಮೂರ ಮಾತಿಗೆ ಬರುತ್ತೇನೆ. ಎರೆಬೂತ ಅನಂತಪುರಕ್ಕೆ ಮರಳುತ್ತದೆ ಎಂದು ನಾನು ಹುಡುಗರಿಗೆ ಹೇಳುವುದಿಲ್ಲ. ಆದರೆ ನಮ್ಮ ಮಡ್ಡಿಯಲ್ಲಿ ಇವತ್ತಿಗೂ ಕವಜಗ ಕೂಗುತ್ತದೆ, ನೆಲಗುಬ್ಬಿ ಆಡುತ್ತದೆ, ಸಂಜೆಗೆ ನರಿ ಹೊರಡುತ್ತದೆ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಗಿಡುಗಗಳು ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತ ಮಿಡತೆ ಹಿಡಿಯುತ್ತವೆ, ರಾತ್ರಿ ಹುಲ್ಲಿನಲ್ಲೇ ಮಲಗುತ್ತವೆ. ಖಿಳೇಗಾಂವ ಬಸವೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೆ ಬರಬೇಕೆಂದು ನಾವೆಲ್ಲ ಕಾದವರೇ. ಬರಲಿ, ನಮ್ಮ ಹೊಲ ಹಸಿರಾಗಲಿ. ನೀರು ಬಂದ ಮೇಲೆ ಗಾಯರಾಣಕ್ಕೂ ನೇಗಿಲು ಹೂಡುವ ಆಸೆ ಹುಟ್ಟುತ್ತದೆ, ಸಸಿ ನೆಡುವ ಯೋಜನೆ ಬರುತ್ತದೆ, ಸೌರಫಲಕದವರು ಬರುತ್ತಾರೆ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಇಂಥದೇ ಕುರುಚಲು ನೆಲವನ್ನು 2016ರಲ್ಲಿ ಚಿಂಕಾರಕ್ಕಾಗಿ ಅಭಯಾರಣ್ಯ ಮಾಡಿದ್ದಾರೆ, ಸುಮಾರು 96 ಚದರ ಕಿಲೋಮೀಟರ್. ಅಲ್ಲಿ ತೋಳವೂ ಇದೆ, ಕತ್ತೆಕಿರುಬವೂ ಇದೆ. ನಮಗೆ ಅಷ್ಟು ದೊಡ್ಡದು ಬೇಕಿಲ್ಲ.

ಅಥಣಿ, ಕಾಗವಾಡ, ಜತ್ ಸೀಮೆಯ ಪಂಚಾಯಿತಿ ಸದಸ್ಯರಲ್ಲಿ, ಕುರಿಗಾರರಲ್ಲಿ, ಶಾಲೆಯ ಗುರುಗಳಲ್ಲಿ ನಾನು ಕೇಳುವುದು ಇಷ್ಟೇ. ನಿಮ್ಮೂರ ಗಾಯರಾಣದಲ್ಲಿ ಒಂದು ತುಂಡನ್ನು ಹುಲ್ಲಾಗಿಯೇ ಬಿಡಿ. ಜೂನಿನಿಂದ ಅಕ್ಟೋಬರ್‌ವರೆಗೆ, ಹುಲ್ಲು ಬೀಜ ಕಟ್ಟಿ ಉದುರುವ ತನಕ, ಆ ತುಂಡಿಗೆ ದನ ಬಿಡಬೇಡಿ. ಆಮೇಲೆ ಕೊಯ್ದು ಮೇವು ಹಂಚಿಕೊಳ್ಳಿ, ಕುರಿಯೂ ಮೇಯಲಿ. ಬೆಂಕಿ ಹಚ್ಚಬೇಡಿ. ಬಯಲಲ್ಲಿ ಸಸಿ ನೆಡುವ ಠರಾವು ಗ್ರಾಮಸಭೆಯ ಮುಂದೆ ಬಂದರೆ, ಆ ಸಸಿಗಳನ್ನು ರಸ್ತೆಯ ಬದಿಗೆ, ಬದುವಿಗೆ, ಶಾಲೆಯ ಅಂಗಳಕ್ಕೆ ಕೊಡಿರೆಂದು ಕೈ ಎತ್ತಿ ಹೇಳಿ.